ಇಂಟರ್ವಲ್ ಮುಗಿದ ಐದು ನಿಮಿಷಕ್ಕೆ

"ಟೀಚರ್, ಒಂದಕ್ಕ ಹೋಗಿ ಬರ್ತೀನ್ರೀ."

ಇಂಟರ್ವಲ್ ಮುಗಿದು ಐದು ನಿಮಿಷ ಆಗಿರುತ್ತಿತ್ತು ಅಷ್ಟೇ. ದಿನಾ ಇದೇ ಕತೆ. "ಇಷ್ಟೊತ್ತು ಏನ್ ಮಾಡ್ತಿದ್ದೆ? ಆಡೋಕೆ ಟೈಮ್ ಇರುತ್ತೆ, ಇದಕ್ಕೆ ಇರಲ್ವಾ?" ಅಂತ ಗದರುತ್ತಿದ್ದೆ. ಕ್ಲಾಸ್ ನಗುತ್ತಿತ್ತು. ಎಷ್ಟೋ ದಿನ ಅವನನ್ನು ಬಿಟ್ಟಿರಲೇ ಇಲ್ಲ. ಎರಡು ತಿಂಗಳು ಹೀಗೇ ನಡೆಯಿತು.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಟೀಚರ್. 16 ವರ್ಷವಾಯಿತು. ಶಾಲೆ ಇರುವುದು ಬೆಂಗಳೂರಿನ ಅಂಚಿನಲ್ಲಿ. ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಲೇ ಇರುತ್ತವೆ. ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಜನ ಬರುತ್ತಾರೆ, ಸೈಟಿನಲ್ಲೇ ಶೆಡ್ ಹಾಕಿಕೊಂಡು ಇರುತ್ತಾರೆ. ಅವರ ಮಕ್ಕಳು ವರ್ಷದ ನಡುವೆ ಸೇರುತ್ತಾರೆ, ನಡುವೆಯೇ ಬಿಟ್ಟು ಹೋಗುತ್ತಾರೆ. ಈ ಹುಡುಗ ಆಗಸ್ಟ್‌ನಲ್ಲಿ ಆರನೇ ಕ್ಲಾಸಿಗೆ ಬಂದ.

ಮೊದಲ ದಿನ "ಊಟ ಆಯ್ತೇನೋ?" ಅಂತ ಕೇಳಿದೆ. "ಹೂನ್ರೀ ಟೀಚರ್, ಉಂಡೀನ್ರೀ" ಅಂದ. ಈ ಕಡೆ ಮನೆಗಳಲ್ಲಿ 'ರೀ' ಅಂದರೆ ಹೆಂಡತಿ ಗಂಡನನ್ನು ಕರೆಯುವ ಮಾತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನೂ ನಕ್ಕೆ. ಮುದ್ದು ಬಂದು ನಕ್ಕಿದ್ದು, ಗೇಲಿಗಲ್ಲ. ಆದರೆ ಮಕ್ಕಳಿಗೆ ಆ ವ್ಯತ್ಯಾಸವೆಲ್ಲ ಯಾಕೆ? ಮಿಸ್ ನಕ್ಕರು ಅಂದಮೇಲೆ ನಗಬಹುದು, ಅಷ್ಟೇ. ವಾರದೊಳಗೆ ಅವನಿಗೆ 'ಶ್ರೀಮತಿ' ಅಂತ ಹೆಸರು ಬಿತ್ತು.

ಇದೆಲ್ಲ ನನಗೆ ಗೊತ್ತಾಗಿದ್ದು ಅಕ್ಟೋಬರ್‌ನಲ್ಲಿ, ಅವರಮ್ಮ ಬಂದಾಗ. ಸಿಮೆಂಟ್ ಕೈಯಲ್ಲೇ ಬಂದಿದ್ದರು. "ಸಾಲಿಗಿ ಹೋಗಂಗಿಲ್ಲ ಅಂತ ಅಳ್ತಾನ್ರೀ. ಮುಂಜಾನಿಂದ ನೀರು ಸೈತ ಕುಡಿಯಂಗಿಲ್ರೀ" ಅಂದರು. ನೀರು ಅಂದ ಕೂಡಲೇ ನನಗೆ ಹೊಳೆಯಿತು. ನೀರು ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕು. ಇಂಟರ್ವಲ್ಲಿನಲ್ಲಿ ಅಲ್ಲಿ ಕ್ಲಾಸ್ ಲೀಡರ್, ಅವನ ಜೊತೆಯ ನಾಲ್ವರು ನಿಂತಿರುತ್ತಾರೆ. "ಏಯ್ ಶ್ರೀಮತಿ, ಲೇಡೀಸ್ ಆ ಕಡೆ" ಅಂತ ಹುಡುಗಿಯರ ಬಾಗಿಲಿಗೆ ತಳ್ಳುತ್ತಾರೆ. ಅದಕ್ಕೇ ಎಲ್ಲರೂ ಒಳಗೆ ಬಂದ ಮೇಲೆ ಅವನು ಕೇಳುತ್ತಿದ್ದದ್ದು. ಅದನ್ನೂ ನಾನು ಬಿಡುತ್ತಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಮೊದಲಿಗಿಂತ ದೊಡ್ಡ ತಪ್ಪು. ಸಿಟ್ಟಿನಲ್ಲಿ ಕ್ಲಾಸಿಗೆ ಹೋದೆ. ಅವನನ್ನೂ ಕ್ಲಾಸ್ ಲೀಡರ್ ಹುಡುಗನನ್ನೂ ಮುಂದೆ ನಿಲ್ಲಿಸಿದೆ. ಭಾಷಣ ಬಿಗಿದೆ. "ಸಾರಿ ಕೇಳು, ಶೇಕ್‌ಹ್ಯಾಂಡ್ ಕೊಡಿ" ಅಂದೆ. ಕೊಟ್ಟರು. ಲೀಡರ್ ಕೈ ಕೊಡುತ್ತಾ ಅವನ ಬೆರಳನ್ನು ಹಿಚುಕಿದ್ದು ನನಗೆ ಕಾಣಲೇ ಇಲ್ಲ. ಮಾರನೇ ದಿನದಿಂದ 'ಶ್ರೀಮತಿ' ಜೊತೆಗೆ 'ಚಾಡಿಕೋರ' ಸೇರಿತು. ಎರಡು ದಿನ ಬಿಟ್ಟು ಅವನ ಒಂದು ಕಾಲಿನ ಚಪ್ಪಲಿ ಕಾಂಪೌಂಡ್ ಆಚೆ ಮೋರಿಗೆ ಬಿತ್ತು. ಯಾರು ಎಸೆದರು ಅಂತ ಕೇಳಿದರೆ 34 ಮಕ್ಕಳಲ್ಲಿ ಒಬ್ಬರೂ ನೋಡಿಲ್ಲ.

ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ. "ಮಕ್ಕಳಲ್ವಾ, ಇವತ್ತು ಜಗಳ, ನಾಳೆ ಒಂದೇ ತಟ್ಟೆ" ಅಂದರು ಒಬ್ಬರು. "ಎರಡು ಬಿಡಿ ಮೇಡಂ, ಸರಿ ಹೋಗ್ತಾರೆ" ಅಂದರು ಇನ್ನೊಬ್ಬರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯೋದನ್ನು ನಿಷೇಧಿಸಿದೆ, ಅದು ನಮಗೆಲ್ಲ ಬಾಯಿಪಾಠ. ಅದೇ ಸಾಲಿನಲ್ಲಿ ಮಾನಸಿಕ ಹಿಂಸೆಯೂ ಇದೆ. ಅದನ್ನು ನಾವ್ಯಾರೂ ಜೋರಾಗಿ ಓದಲ್ಲ. ಇನ್ನು ಅವರಪ್ಪ ಮಗನಿಗೆ "ನೀನೂ ಎರಡು ಬಿಡು" ಅಂತ ಹೇಳಿಕೊಟ್ಟಿದ್ದರಂತೆ. ಅವರು ಐದು ಜನ, ಇವನು ಒಬ್ಬ. ಎಲ್ಲಿಂದ ಬಿಡೋದು?

ಜಗಳ ಬೇರೆ, ಇದು ಬೇರೆ. ಜಗಳದಲ್ಲಿ ಇಬ್ಬರಿಗೂ ಬಾಯಿರುತ್ತೆ. ನಾರ್ವೆಯಲ್ಲಿ 1982ರ ಕೊನೆಗೆ ಮೂವರು ಹುಡುಗರು ಜೀವ ತೆಗೆದುಕೊಂಡ ಮೇಲೆ ಅಲ್ಲಿನ ಸರ್ಕಾರ ದೇಶದ ಎಲ್ಲ ಶಾಲೆಗಳಲ್ಲಿ ಇಂಥ ಕಾಟ (ಬುಲ್ಲಿಯಿಂಗ್) ತಡೆಯುವ ಕೆಲಸ ಶುರು ಮಾಡಿತು. ಅದರ ಹಿಂದಿದ್ದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಮೂರು ಗುರುತು ಹೇಳುತ್ತಾರೆ: ಬೇಕಂತಲೇ ಮಾಡೋದು, ಮತ್ತೆ ಮತ್ತೆ ಮಾಡೋದು, ಎದುರಿನವನಿಗೆ ತಿರುಗಿ ನಿಲ್ಲುವ ಬಲ ಇಲ್ಲದಿರೋದು. ಈ ಮೂರೂ ಇದ್ದಲ್ಲಿ ಕೈಕುಲುಕಿಸಿ ರಾಜಿ ಮಾಡಿಸಿದರೆ ಬಲ ಇರುವವನ ಕೈಗೇ ಹುಡುಗನನ್ನು ಕೊಟ್ಟ ಹಾಗೆ. ನಾನು ಮಾಡಿದ್ದು ಅದನ್ನೇ.

ಎರಡನೇ ಸಲ ನಿಧಾನವಾಗಿ ಶುರು ಮಾಡಿದೆ. ಮೊದಲು ಹುಡುಗನ ಹತ್ತಿರ ಮಾತಾಡಬೇಕಿತ್ತು. "ಸ್ಟಾಫ್ ರೂಮಿಗೆ ಬಾ" ಅಂದರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ನೋಟ್‌ಬುಕ್ ಹೊರೋಕೆ ದಿನಾ ಒಬ್ಬರನ್ನು ಕರೆಯೋದು ಅಂತ ಮಾಡಿದೆ. ನಾಲ್ಕನೇ ದಿನ ಅವನ ಸರದಿ. ಮೆಟ್ಟಿಲ ಹತ್ತಿರ ಕೂತೆವು. 'ಯಾರು' ಅಂತ ಕೇಳಲಿಲ್ಲ. ಹೆಸರು ಹೇಳಿದರೆ ಏನಾಗುತ್ತೆ ಅಂತ ಅವನಿಗೆ ಚಪ್ಪಲಿ ಕಳೆದುಕೊಂಡು ಗೊತ್ತಾಗಿತ್ತು. 'ಎಲ್ಲಿ', 'ಯಾವಾಗ' ಅಂತ ಕೇಳಿದೆ. ಬೆರಳಲ್ಲಿ ನೆಲದ ಧೂಳಿನ ಮೇಲೆ ಗೆರೆ ಎಳೆಯುತ್ತಾ ಹೇಳಿದ. ಟಾಯ್ಲೆಟ್ ಹಿಂದೆ. ತಟ್ಟೆ ತೊಳೆಯುವ ನಲ್ಲಿ. ಗೇಟಿನಿಂದ ತಿರುವಿನವರೆಗಿನ ದಾರಿ. "ಊಟಕ್ಕ ಕುಂತ್ರ ಬಾಜೂಕ ಯಾರೂ ಕುಂದ್ರಂಗಿಲ್ರೀ" ಅಂದ. ಹೊಡೆದದ್ದಕ್ಕಿಂತ ಅದನ್ನು ಹೇಳುವಾಗಲೇ ಗಂಟಲು ಕಟ್ಟಿತು.

"ನಿನ್ನ ಕೇಳದೆ ಏನೂ ಮಾಡಲ್ಲ" ಅಂತ ಮಾತು ಕೊಟ್ಟೆ. 'ಯಾರಿಗೂ ಹೇಳಲ್ಲ' ಅಂತ ಮಾತ್ರ ಕೊಡಲಿಲ್ಲ. ಆ ಮಾತು ಉಳಿಸಿಕೊಳ್ಳೋಕೆ ಆಗಲ್ಲ.

ಆಮೇಲೆ ಇಡೀ ಕ್ಲಾಸಿಗೆ ಶಾಲೆಯ ನಕ್ಷೆ ಬರೆಸಿದೆ. ಇಷ್ಟದ ಜಾಗಕ್ಕೆ ಹಸಿರು, ಹೋಗೋಕೆ ಇಷ್ಟ ಇಲ್ಲದ ಜಾಗಕ್ಕೆ ಕೆಂಪು. ಹೆಸರು ಬರೆಯೋದು ಬೇಡ. ಟಾಯ್ಲೆಟ್ ಹಿಂದಿನ ಗೋಡೆಗೆ ಅರ್ಧಕ್ಕಿಂತ ಜಾಸ್ತಿ ಹಾಳೆಗಳಲ್ಲಿ ಕೆಂಪು ಬಿದ್ದಿತ್ತು. ಅಂದರೆ ಅಲ್ಲಿ ಹೆದರುತ್ತಿದ್ದವನು ಇವನೊಬ್ಬನೇ ಅಲ್ಲ. ನಾವು ಟೀಚರ್‌ಗಳು ಇಂಟರ್ವಲ್ಲಿನಲ್ಲಿ ಟೀ ಕುಡಿಯುತ್ತಾ ಕೂರುವ ಜಾಗದಿಂದ ಆ ಗೋಡೆ ಕಾಣಲ್ಲ. ಹೆಡ್‌ಮಾಸ್ಟರಿಗೆ ಹಾಳೆಗಳನ್ನು ತೋರಿಸಿದೆ. ಸರದಿ ಮೇಲೆ ಒಬ್ಬರು ಟೀ ಲೋಟ ಹಿಡಿದುಕೊಂಡು ಅಲ್ಲೇ ನಿಲ್ಲೋದು ಅಂತಾಯಿತು. ಕಾವಲು ಅನ್ನಿಸಬಾರದು, ಸುಮ್ನೆ ನಿಂತಿರಬೇಕು. ಇದೊಂದರಿಂದಲೇ ಅರ್ಧ ನಿಂತಿತು ಅಂತ ಈಗಲೂ ನನ್ನ ಲೆಕ್ಕ.

ಆ ಐದು ಜನರ ಹತ್ತಿರ ಮಾತಾಡಿದ ರೀತಿ ನನ್ನದಲ್ಲ. ಸ್ವೀಡನ್ನಿನ ಅನಾಟೊಲ್ ಪಿಕಾಸ್ ಅನ್ನುವವರು ಬಳಕೆಗೆ ತಂದದ್ದು, ಆಪ್ತಸಮಾಲೋಚಕಿ ಗೆಳತಿಯೊಬ್ಬಳು ಹೇಳಿಕೊಟ್ಟಳು. ಗುಂಪನ್ನು ಒಟ್ಟಿಗೆ ಕರೆಯಬಾರದು. ಒಬ್ಬೊಬ್ಬರನ್ನೇ ಕರೆಯಬೇಕು, ಒಂದರ ಹಿಂದೆ ಒಂದು, ನಡುವೆ ಅವರು ಮಾತಾಡಿಕೊಳ್ಳೋಕೆ ಬಿಡದ ಹಾಗೆ. ಮೊದಲು ಮುಂದಾಳು. 'ನೀನು ಮಾಡಿದೆಯಾ' ಅನ್ನೋ ಪ್ರಶ್ನೆಯೇ ಇಲ್ಲ.

ಹುಡುಗನ ಒಪ್ಪಿಗೆ ತೆಗೆದುಕೊಂಡೇ ಲೀಡರನ್ನು ಕೂರಿಸಿಕೊಂಡೆ. "ಹೊಸ ಹುಡುಗ ಸ್ಕೂಲ್ ಬಿಡ್ತೀನಿ ಅಂತಿದ್ದಾನೆ. ತುಂಬಾ ಕಷ್ಟದಲ್ಲಿದ್ದಾನೆ. ನೀನು ಏನು ನೋಡಿದ್ದೀಯ?" ಅಂದೆ. ಸುಮ್ಮನೆ ಕೂತ. ನಾನೂ ಕೂತೆ. ಫ್ಯಾನ್ ಕಟಕಟ ಅನ್ನುತ್ತಿತ್ತು. ಬಾಯಿ ಹಾಕದೆ ಕೂರೋದು ಟೀಚರ್‌ಗಳಿಗೆ ಎಷ್ಟು ಕಷ್ಟ ಅಂತ ಅವತ್ತು ತಿಳಿಯಿತು. ಕೊನೆಗೆ "ನಾನೊಬ್ನೇ ಅಲ್ಲ ಮಿಸ್" ಅಂದ. ಹಿಂದಿನ ನಾನಾಗಿದ್ದರೆ "ಹಾಗಾದ್ರೆ ಒಪ್ಕೊಂಡೆ ತಾನೆ!" ಅಂತ ಹಿಡಿಯುತ್ತಿದ್ದೆ. ಅವತ್ತು "ಸರಿ, ಅವನಿಗೆ ಸ್ವಲ್ಪ ಹಗುರ ಆಗೋ ಹಾಗೆ ನೀನು ಏನು ಮಾಡಬಹುದು?" ಅಂತ ಮಾತ್ರ ಕೇಳಿದೆ. "ಒಳ್ಳೆಯವನಾಗಿರ್ತೀನಿ" ಅಂದ. ಅದು ನಮ್ಮನ್ನು ಮೆಚ್ಚಿಸೋಕೆ ಹೇಳೋದು. "ನಾಳೆ ಏನು ಮಾಡ್ತೀಯ?" ಅಂದೆ. ಬಹಳ ಹೊತ್ತು ಯೋಚಿಸಿ, "ನಲ್ಲಿ ಹತ್ರ ಅವನಿಗೆ ಜಾಗ ಬಿಡ್ತೀನಿ" ಅಂದ. ಸಾಕು ಅಂದೆ. ಒಂದು ವಾರ ಬಿಟ್ಟು ಮತ್ತೆ ಕರೆದು ಕೇಳಿದೆ. ಈ ಎರಡನೇ ಮಾತು ತಪ್ಪಿಸಿದರೆ ಮೊದಲನೆಯದು ನೀರಲ್ಲಿ ಹೋಮ.

ಲೀಡರ್‌ನ ಅಪ್ಪನನ್ನು ಕರೆಸಲಿಲ್ಲ. ಕರೆಸಿದ್ದರೆ ಮನೆಯಲ್ಲಿ ಬೆಲ್ಟ್ ಹೊರಗೆ ಬರುತ್ತಿತ್ತು, ಅದರ ಬಡ್ಡಿ ಮಾರನೇ ದಿನ ಇವನ ಬೆನ್ನ ಮೇಲೆ ಬೀಳುತ್ತಿತ್ತು. ಇದನ್ನು ತಪ್ಪು ಅನ್ನುವವರಿದ್ದಾರೆ. ಇರಲಿ.

ಅಸಲು ಕೆಲಸ ಇದ್ದದ್ದು ನಗುತ್ತಿದ್ದವರ ಹತ್ತಿರ. ಐದು ಜನ ಮಾಡುತ್ತಿದ್ದರು, ಇಪ್ಪತ್ತು ಜನ ನಗುತ್ತಿದ್ದರು. ಫಿನ್‌ಲ್ಯಾಂಡಿನ ತುರ್ಕು ವಿಶ್ವವಿದ್ಯಾಲಯದವರು ರೂಪಿಸಿದ 'ಕಿವಾ' ಅನ್ನುವ ಕಾರ್ಯಕ್ರಮ ನಿಂತಿರೋದೇ ನೋಡುತ್ತಾ ನಿಲ್ಲುವ ಮಕ್ಕಳ ಮೇಲೆ. ನೋಡುವವರು ಇಲ್ಲದಿದ್ದರೆ ಬೀದಿ ನಾಟಕ ಯಾರಿಗೆ ಆಡೋದು, ಅಲ್ವಾ? ನಗದೆ ಇರುತ್ತಿದ್ದ ಮೂವರನ್ನು ಗುರುತಿಟ್ಟುಕೊಂಡಿದ್ದೆ. ಅವರಿಗೆ ಬೇರೆ ಏನೂ ಹೇಳಲಿಲ್ಲ, ಬಿಸಿಯೂಟಕ್ಕೆ ಕೂರುವಾಗ ಅವನ ಪಕ್ಕ ಕೂರಿ ಅಂದೆ. "ಅವರನ್ನು ತಡೆಯಿರಿ" ಅಂತ ಮಕ್ಕಳಿಗೆ ಹೇಳಬಾರದು, ಅದು ದೊಡ್ಡವರ ಕೆಲಸ. ಮೊದಲ ದಿನ ಒಬ್ಬಳು ಹೋಗಿ ಕೂತಳು. ಸಾಂಬಾರಿನ ಬೀನ್ಸ್ ಎಲ್ಲ ಆರಿಸಿ ಅವನ ತಟ್ಟೆಗೆ ಹಾಕಿದಳು. ಅವಳಿಗೆ ಬೀನ್ಸ್ ಸೇರಲ್ಲ, ಅಷ್ಟೇ ವಿಷಯ. ಆದರೂ ಅವನು ಅವತ್ತು ತಟ್ಟೆ ಖಾಲಿ ಮಾಡಿದ.

ಉಳಿದದ್ದು ನನ್ನ ನಗು. ಒಂದು ಶನಿವಾರ ಕನ್ನಡ ಪೀರಿಯಡ್ಡಿನಲ್ಲಿ 'ರೀ' ಎಣಿಸುವ ಆಟ ಮಾಡಿದೆ. ಬೆಳಿಗ್ಗೆಯಿಂದ ಹೆಡ್‌ಮಾಸ್ಟರ್ ಎಷ್ಟು ಸಲ 'ರೀ' ಅಂತಾರೆ, ಗೆರೆ ಹಾಕಿ ಅಂದೆ. "ಬನ್ರೀ, ಕೂತ್ಕೊಳ್ರೀ, ಏನ್ರೀ ಸಮಾಚಾರ." ಒಬ್ಬ 41 ಗೆರೆ ಹಾಕಿದ್ದ. ಮಕ್ಕಳಿಗೆ ಹಬ್ಬ. ಆಗ ಹೇಳಿದೆ: "ಆಗಸ್ಟ್‌ನಲ್ಲಿ ಒಂದು ದಿನ ಒಬ್ಬರು ನನ್ನನ್ನು ಮರ್ಯಾದೆಯಿಂದ ಮಾತಾಡಿಸಿದರು, ನಾನು ನಕ್ಕೆ. ತಪ್ಪು ನಂದು." ಅವನ ಹೆಸರು ಹೇಳಲಿಲ್ಲ, ಅವನ ಕಡೆ ನೋಡಲಿಲ್ಲ, "ನಿಮ್ಮ ಕಡೆ ಮಾತು ಹೇಳಪ್ಪ" ಅಂತ ಎಬ್ಬಿಸಲಿಲ್ಲ. ಎಬ್ಬಿಸಿದ್ದರೆ ಅದೂ ಒಂದು ಮೆರವಣಿಗೆಯೇ. ತೆಲುಗು ಮನೆಯವರು, ಉರ್ದು ಮನೆಯವರು, ತಮಿಳು ಮನೆಯವರು ಅಮ್ಮನನ್ನು ಹೇಗೆ ಕರೆಯುತ್ತಾರೆ ಅಂತ ಮಾತು ಹರಿಯಿತು. ಕೊನೆಯ ಬೆಂಚಿನಿಂದ ತಾನಾಗಿಯೇ ಒಂದು ದನಿ ಬಂತು: "ನಾವು ಅವ್ವ ಅಂತೀವ್ರೀ." ಯಾರೂ ನಗಲಿಲ್ಲ ಅಂದರೆ ಸುಳ್ಳಾಗುತ್ತೆ. ಇಬ್ಬರು ನಕ್ಕರು. ಪಕ್ಕದವಳು ತಿರುಗಿ ನೋಡಿದಳು, ನಿಲ್ಲಿಸಿದರು.

ಈ ದಾರಿ ಎಲ್ಲದಕ್ಕೂ ಅಲ್ಲ. ಮೈಗೆ ಗಾಯ ಆಗಿದ್ದರೆ, ಬೆದರಿಸಿ ದುಡ್ಡು ಕೀಳುತ್ತಿದ್ದರೆ, ಫೋನಿನಲ್ಲಿ ಬಟ್ಟೆ ಬದಲಿಸುವ ವಿಡಿಯೋ ತೆಗೆದಿದ್ದರೆ ಕೂತು ಮಾತಾಡುತ್ತಾ ಇರಬಾರದು. ಹೆಡ್‌ಮಾಸ್ಟರಿಗೆ ಬರೆದು ಕೊಡಬೇಕು, ಮನೆಯವರಿಗೆ ತಿಳಿಸಬೇಕು. ಲೈಂಗಿಕ ವಿಷಯವಾದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅದು ನಮ್ಮ ಇಷ್ಟಕ್ಕೆ ಬಿಟ್ಟಿದ್ದಲ್ಲ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತೆ. ನಂಬರನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿದ್ದೇನೆ, ದಿನಾ ಅಳಿಸುವಾಗ ಅದನ್ನು ಬಿಟ್ಟು ಅಳಿಸುತ್ತಾರೆ.

ಅವನು, ಲೀಡರ್ ಸ್ನೇಹಿತರಾಗಲಿಲ್ಲ. ಆಗಬೇಕು ಅಂತ ನಾನೂ ಒತ್ತಾಯ ಮಾಡಲಿಲ್ಲ. ಡಿಸೆಂಬರ್ ಹೊತ್ತಿಗೆ ಇಂಟರ್ವಲ್ ಆದ ಮೇಲೆ "ಒಂದಕ್ಕ ಹೋಗ್ತೀನ್ರೀ" ಅನ್ನೋದು ನಿಂತಿತ್ತು.

ಮಾರ್ಚ್‌ನಲ್ಲಿ ಕಟ್ಟಡ ಮುಗಿಯಿತು. ಮನೆಯವರು ಇನ್ನೊಂದು ಸೈಟಿಗೆ ಹೊರಟರು, ಟಿಸಿ ತೆಗೆದುಕೊಂಡರು. ಆ ಕಡೆಯ ಶಾಲೆಯ ಟೀಚರ್ ನಂಬರ್ ಹುಡುಕಿ ಫೋನ್ ಮಾಡಿದೆ. ನಮ್ಮ ಹುಡುಗ ಬರ್ತಿದ್ದಾನೆ, ಮೊದಲ ಎರಡು ವಾರ ಊಟದ ಸಾಲಿನಲ್ಲಿ ಸ್ವಲ್ಪ ನೋಡಿಕೊಳ್ಳಿ ಅಂದೆ.

"ಯಾಕ್ರೀ, ತರಲೆ ಹುಡುಗನೇನ್ರೀ?" ಅಂದರು.

"ಅಲ್ಲ ಮೇಡಂ" ಅಂದೆ. "ಒಂದು ಹತ್ತು ನಿಮಿಷ ಬಿಡುವಿದೆಯಾ?"