ಕೇಬಲ್ ಬದಲಿಸಿದರೆ ಹಾರ್ಡ್ ಡಿಸ್ಕ್ ವೇಗ ಹೆಚ್ಚುತ್ತದೆಯೇ? ಪತ್ತೆ ಹಚ್ಚುವುದು ಹೀಗೆ

ಮದುವೆ ವಿಡಿಯೊದ 100 ಜಿಬಿ ಫೈಲನ್ನು ಪೋರ್ಟಬಲ್ ಹಾರ್ಡ್ ಡಿಸ್ಕ್‌ಗೆ ಹಾಕಬೇಕು ಅಂದುಕೊಳ್ಳಿ. ಸರಿಯಾದ ಕೇಬಲ್ ಇದ್ದರೆ ಸುಮಾರು 15 ನಿಮಿಷದ ಕೆಲಸ. ಅದೇ ಡಿಸ್ಕ್, ಅದೇ ಕಂಪ್ಯೂಟರ್, ಕೇಬಲ್ ಮಾತ್ರ ಯುಎಸ್‌ಬಿ 2.0 ಕಾಲದ್ದಾದರೆ ಮುಕ್ಕಾಲು ಗಂಟೆ ಬೇಕು. ಹಾಗಾದರೆ ದುಬಾರಿ ಕೇಬಲ್ ಕೊಂಡರೆ ವೇಗ ಇನ್ನೂ ಜಾಸ್ತಿ ಆಗುತ್ತದಾ? ಇಲ್ಲ. ಕೇಬಲ್ ಡಿಸ್ಕ್‌ನ ವೇಗವನ್ನು ತಗ್ಗಿಸಬಹುದೇ ಹೊರತು ಏರಿಸಲಾರದು. ದುಡ್ಡು ಖರ್ಚು ಮಾಡುವ ಮೊದಲು ನಿಮ್ಮ ಕೇಬಲ್ ನಿಜವಾಗಿಯೂ ಅಡ್ಡಿಯಾಗಿದೆಯೇ ಎಂದು ನೋಡಿಕೊಳ್ಳಿ.

ಮೊದಲು ಅಳೆಯಿರಿ

ಕಂಪ್ಯೂಟರಿನ ಎಸ್‌ಎಸ್‌ಡಿಯಿಂದ (ತಿರುಗುವ ತಟ್ಟೆಯಿಲ್ಲದ, ಚಿಪ್‌ನಲ್ಲಿ ಡೇಟಾ ಇಡುವ ವೇಗದ ಡಿಸ್ಕ್) 10 ಜಿಬಿಯಷ್ಟಿರುವ ಒಂದೇ ಫೈಲನ್ನು ನೀವು ಪರೀಕ್ಷಿಸುವ ಡಿಸ್ಕ್‌ಗೆ ಕಾಪಿ ಮಾಡಿ. ಸಾವಿರಾರು ಫೋಟೊ ಇರುವ ಫೋಲ್ಡರ್ ಬೇಡ. ಸಣ್ಣ ಫೈಲ್‌ಗಳು ಎಂಥ ಕೇಬಲ್ ಹಾಕಿದರೂ ನಿಧಾನವೇ. ಕಾಪಿ ಆಗುವಾಗ ವಿಂಡೋಸ್ ವೇಗ ತೋರಿಸುತ್ತದೆ. ಶುರುವಿನ ಕೆಲವು ಸೆಕೆಂಡುಗಳ ಅಂಕಿ ನಂಬಬೇಡಿ, ಆಗ ಡೇಟಾ ಇನ್ನೂ ಮೆಮೊರಿಯಲ್ಲೇ ಇರುತ್ತದೆ.

ಡೆಸ್ಕ್‌ಟಾಪ್‌ನ 7200 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150ರಿಂದ 250 ಎಂಬಿ ಸಾಗಿಸುತ್ತದೆ. ಅಂಗೈ ಅಗಲದ ಪೋರ್ಟಬಲ್ ಡಿಸ್ಕ್ 100ರ ಮೇಲೆ ಸ್ವಲ್ಪ. ಸಾಟಾ (ಕಂಪ್ಯೂಟರಿನ ಒಳಗೆ ಡಿಸ್ಕ್ ಜೋಡಿಸುವ ಬಗೆ) ಎಸ್‌ಎಸ್‌ಡಿ 550ರ ಆಸುಪಾಸು. ನಿಮ್ಮ ಅಂಕಿ ಇದರ ಹತ್ತಿರ ಇದ್ದರೆ ಕೇಬಲ್ ಸರಿಯಾಗಿದೆ, ಇಲ್ಲಿಗೇ ನಿಲ್ಲಿಸಬಹುದು.

ಹೊರಗಿನ ಡಿಸ್ಕ್ ಆದರೆ

ವೇಗ 30–40 ಎಂಬಿಗೆ ನಿಂತುಬಿಟ್ಟಿದೆಯಾ? ಬಹುತೇಕ ಅದು ಯುಎಸ್‌ಬಿ 2.0 ಸಂಪರ್ಕ. ಕಾಗದದ ಮೇಲೆ ಅದರ ವೇಗ ಸೆಕೆಂಡಿಗೆ 480 ಮೆಗಾಬಿಟ್ (ಬಿಟ್ ಅಂದರೆ ಬೈಟ್‌ನ ಎಂಟನೇ ಒಂದು ಭಾಗ), ಕೈಗೆ ಸಿಗುವುದು ಇಷ್ಟೇ. ಯುಎಸ್‌ಬಿ 3.0 ವೇಗ 5 ಗಿಗಾಬಿಟ್. ಅದಕ್ಕೆ 2.0 ಕೇಬಲ್‌ನಲ್ಲಿ ಇಲ್ಲದ ಹೆಚ್ಚುವರಿ ತಂತಿಗಳು ಬೇಕು.

ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. ಪೋರ್ಟಬಲ್ ಡಿಸ್ಕ್‌ನ ಅಗಲವಾದ, ಎರಡು ಭಾಗದ ಕಿಂಡಿ ನೋಡಿದ್ದೀರಲ್ಲ? ಅದರ ಒಂದು ಭಾಗಕ್ಕೆ ಹಳೆಯ ಫೋನಿನ ಮೈಕ್ರೊ ಯುಎಸ್‌ಬಿ ಕೇಬಲ್ ಸರಿಯಾಗಿ ಕೂರುತ್ತದೆ. ಡಿಸ್ಕ್ ಕೆಲಸವನ್ನೂ ಮಾಡುತ್ತದೆ, ಆದರೆ 2.0 ವೇಗದಲ್ಲಿ. ಟೈಪ್-ಸಿ ಆದರೂ ಕಥೆ ಅದೇ. ಫೋನಿನ ಜೊತೆ ಬರುವ ಎಷ್ಟೋ ಟೈಪ್-ಸಿ ಕೇಬಲ್‌ಗಳು ಚಾರ್ಜ್ ಚೆನ್ನಾಗಿ ಮಾಡುತ್ತವೆ, ಡೇಟಾ ಮಾತ್ರ 2.0 ವೇಗದ್ದು. ಆದ್ದರಿಂದ ಡಿಸ್ಕ್ ಜೊತೆ ಬಂದ ಕೇಬಲನ್ನು ಎತ್ತಿಡಿ, ಬೇರೆಯವುಗಳ ಜೊತೆ ಬೆರೆಸಬೇಡಿ.

ಆಮೇಲೆ ಕಂಪ್ಯೂಟರಿನ ಪೋರ್ಟ್ ನೋಡಿ. ಒಳಗೆ ನೀಲಿ ಬಣ್ಣ ಇದ್ದರೆ ಸಾಮಾನ್ಯವಾಗಿ 3.0. ಹಬ್, ಎಕ್ಸ್‌ಟೆನ್ಷನ್ ಕೇಬಲ್ ತೆಗೆದು ನೇರವಾಗಿ ಸಿಕ್ಕಿಸಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟ್‌ನಲ್ಲೂ ಒಮ್ಮೆ ಪರೀಕ್ಷಿಸಿ.

ಒಳಗಿನ ಸಾಟಾ ಡಿಸ್ಕ್ ಆದರೆ

ಸಾಟಾ ವೇಗ 1.5 ಗಿಗಾಬಿಟ್‌ನಿಂದ ಶುರುವಾಗಿ 3ಕ್ಕೆ, ಆಮೇಲೆ 6ಕ್ಕೆ ಏರಿತು. ಡೇಟಾಗೆ ಸಿಗುವುದು ಕ್ರಮವಾಗಿ ಸೆಕೆಂಡಿಗೆ ಹೆಚ್ಚೆಂದರೆ 150, 300, 600 ಎಂಬಿ. ಕೇಬಲ್‌ನ ರಚನೆ ಮಾತ್ರ ಬದಲಾಗಲಿಲ್ಲ, ಮೂರಕ್ಕೂ ಅದೇ 7 ಸಂಪರ್ಕಗಳು. ಗಟ್ಟಿಮುಟ್ಟಾದ ಹಳೆಯ ಕೇಬಲ್ 6 ಗಿಗಾಬಿಟ್‌ನಲ್ಲೂ ಓಡುತ್ತದೆ. ಹೀಗಾಗಿ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ 'ಸಾಟಾ 3' ಎಂದು ಅಚ್ಚಾದ ಕೇಬಲ್‌ಗೆ ಸುಮ್ನೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಉದ್ದ 1 ಮೀಟರ್ ಮೀರಬಾರದು, ಅಷ್ಟೇ.

ಕೆಟ್ಟ ಕೇಬಲ್‌ನ ವಿಷಯ ಬೇರೆ. ದಾರಿಯಲ್ಲಿ ಡೇಟಾ ಕೆಟ್ಟರೆ ಕಂಪ್ಯೂಟರ್ ಅದನ್ನು ಗುರುತಿಸಿ ಮತ್ತೆ ತರಿಸಿಕೊಳ್ಳುತ್ತದೆ. ಸಮಯ ಹೋಗುವುದು ಅಲ್ಲಿ. ಇದನ್ನು ಹಿಡಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ 'ಸಿ7' ಎಂಬ ಸಾಲು ಹುಡುಕಿ. ಸಿಆರ್‌ಸಿ ದೋಷಗಳ, ಅಂದರೆ ದಾರಿಯಲ್ಲಿ ಡೇಟಾ ಕೆಟ್ಟ ಸಲಗಳ ಎಣಿಕೆ ಅದು. ಅಂಕಿ ಬರೆದಿಟ್ಟುಕೊಳ್ಳಿ, 50 ಜಿಬಿಯಷ್ಟು ಕಾಪಿ ಮಾಡಿ, ಮತ್ತೆ ನೋಡಿ. ಏರಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ. ಏರದಿದ್ದರೆ ಅದು ಹಳೆಯ ಲೆಕ್ಕ, ಕೇಬಲ್ ಬದಲಿಸಿದರೂ ಅಳಿಸಿಹೋಗುವುದಿಲ್ಲ.

ಅಲ್ಲೇ 'ಟ್ರಾನ್ಸ್‌ಫರ್ ಮೋಡ್' ಎದುರು ಎರಡು ಅಂಕಿ ಇರುತ್ತವೆ. ಮೊದಲನೆಯದು ಈಗಿನ ವೇಗ, ಎರಡನೆಯದು ಡಿಸ್ಕ್‌ನ ಸಾಮರ್ಥ್ಯ. 300 ಮತ್ತು 600 ಎಂದಿದ್ದರೆ ಪೋರ್ಟ್ ಹಳೆಯದಿರಬಹುದು, ಕೇಬಲ್ ಕೆಟ್ಟಿರಬಹುದು. ತಿರುಗುವ ಹಾರ್ಡ್ ಡಿಸ್ಕ್‌ಗೆ 300 ಕೂಡ ಧಾರಾಳ. ಎಸ್‌ಎಸ್‌ಡಿಗೆ ಮಾತ್ರ ಅರ್ಧದಷ್ಟು ವೇಗ ನಷ್ಟ.

ಒಂದು ಎಚ್ಚರಿಕೆ. '05' ಅಥವಾ 'ಸಿ5' ಸಾಲಿನ ಅಂಕಿ ಏರುತ್ತಿದ್ದರೆ ತೊಂದರೆ ಇರುವುದು ಡಿಸ್ಕ್‌ನಲ್ಲೇ. ಕೇಬಲ್ ಕೆಲಸ ಪಕ್ಕಕ್ಕಿಟ್ಟು, ಇರುವ ಡೇಟಾ ಬೇರೆ ಕಡೆ ಉಳಿಸಿಕೊಳ್ಳಿ.

ಬದಲಿಸುವಾಗ

ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತುಬಿಡಿ. ಹೊಸ ಕೇಬಲ್ ತರುವ ಮೊದಲು ಇರುವುದನ್ನೇ ಬಿಚ್ಚಿ ಗಟ್ಟಿಯಾಗಿ ಸಿಕ್ಕಿಸಿ ನೋಡಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಆಗದಿದ್ದರೆ ಕೇಬಲ್ ಬದಲಿಸಿ, ಪೋರ್ಟ್ ಅದೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದು ಎಂದು ಗೊತ್ತಾಗುವುದಿಲ್ಲ. ಲೋಹದ ಕ್ಲಿಪ್ ಇರುವ ಕೇಬಲ್ ಒಳ್ಳೆಯದು, ಸಡಿಲವಾಗುವುದಿಲ್ಲ. ಚೂಪಾಗಿ ಮಡಚಬೇಡಿ.

ಅಟ್ಟದ ಮೇಲಿನ ಹಳೆಯ ಕಂಪ್ಯೂಟರಿನಲ್ಲಿ ಅಗಲ ಪಟ್ಟಿಯಂಥ ಐಡಿಇ (ಸಾಟಾಗಿಂತ ಹಿಂದಿನ ಬಗೆ) ಕೇಬಲ್ ಇದೆಯಾ? ಅಲ್ಲಿ ಕೇಬಲ್ ನಿಜಕ್ಕೂ ವೇಗ ನಿರ್ಧರಿಸುತ್ತಿತ್ತು. 40 ತಂತಿಯ ಪಟ್ಟಿಗೆ ಸೆಕೆಂಡಿಗೆ 33 ಎಂಬಿಯೇ ಮಿತಿ. 66, 100, 133ಕ್ಕೆ 80 ತಂತಿಯದ್ದು ಬೇಕಿತ್ತು. ಹೆಚ್ಚುವರಿ 40 ತಂತಿಗಳು ಡೇಟಾ ಸಾಗಿಸದೆ, ಅಕ್ಕಪಕ್ಕದ ತಂತಿಗಳ ಸಿಗ್ನಲ್ ಒಂದಕ್ಕೊಂದು ತಾಕದಂತೆ ನಡುವೆ ಗ್ರೌಂಡ್ ಆಗಿ ನಿಲ್ಲುತ್ತಿದ್ದವು. ಮನೆಯ ಹಳೆಯ ಫೋಟೊ ಇಳಿಸಿಕೊಳ್ಳುವುದಷ್ಟೇ ಉದ್ದೇಶವಾದರೆ 33 ಸಾಕು. ಕೇಬಲ್ ಹುಡುಕುತ್ತಾ ಕೂರದೆ, ಆ ಡಿಸ್ಕ್ ಓಡುತ್ತಿರುವಾಗಲೇ ಕಾಪಿ ಮಾಡಿಕೊಳ್ಳಿ.