ಅಂಗಿಯ ಮರೆಗೆ ರಿವಾಲ್ವರೋ, ಪಿಸ್ತೂಲೋ? ಲೈಸೆನ್ಸ್ ಸಿಕ್ಕ ಮೇಲೆ ಆರಿಸುವುದು ಹೇಗೆ

ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದವರು ಅಂಗಡಿಗೆ ಹೋದ ಕೂಡಲೇ ಕೇಳುವುದು ‘ಇದ್ದುದರಲ್ಲಿ ಸಣ್ಣದು ತೋರಿಸಿ’ ಎಂದು. ಆಯುಧ ಸಣ್ಣದಾದಷ್ಟೂ ಬಚ್ಚಿಡಲು ಸುಲಭ, ಗುರಿ ಮುಟ್ಟಿಸಲು ಕಷ್ಟ. ನಳಿಕೆ ಗಿಡ್ಡ, ಹಿಡಿ ಗಿಡ್ಡ, ತೂಕ ಕಡಿಮೆ. ಮೂರೂ ಸೇರಿ ಕೈ ಅಲುಗಾಡಿಸುತ್ತವೆ. ಹಾಗಾಗಿ ಕ್ರಮವನ್ನು ತಿರುಗಿಸಿಕೊಳ್ಳುವುದು ಒಳ್ಳೆಯದು. ದಿನವೂ ಯಾವ ಬಟ್ಟೆ ಹಾಕುತ್ತೀರಿ, ಯಾವ ಬೆಲ್ಟು, ಎಲ್ಲಿ ಕಟ್ಟಿಕೊಳ್ಳುತ್ತೀರಿ ಎಂಬುದು ಮೊದಲು ತೀರ್ಮಾನವಾಗಲಿ. ಆ ಜಾಗದಲ್ಲಿ ಕೂರುವಂಥದ್ದರಲ್ಲಿ ದೊಡ್ಡದನ್ನು ಕೊಳ್ಳಿ.

ಮೊದಲು ಲೈಸೆನ್ಸ್ ಓದಿ

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಐದು ವರ್ಷ. ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಲೈಸೆನ್ಸ್ ಕೈಗೆ ಬಂದಾಗ ನಾಲ್ಕು ವಿಷಯ ನೋಡಿ: ಯಾವ ಬಗೆಯ ಆಯುಧ ಎಂದು ಬರೆದಿದೆ, ಎಷ್ಟು ತೋಟಾ ಇಟ್ಟುಕೊಳ್ಳಬಹುದು, ಯಾವ ತಾರೀಖಿನೊಳಗೆ ಕೊಳ್ಳಬೇಕು, ಯಾವ ಪ್ರದೇಶಕ್ಕೆ ಅನ್ವಯ. ರಿವಾಲ್ವರ್ ಎಂದಷ್ಟೇ ಬರೆದಿದ್ದರೆ ಪಿಸ್ತೂಲಿಗೆ ಮುಂಗಡ ಕೊಡಬೇಡಿ.

ನಮ್ಮ ಭಾಗದವರು ಎಡವುವುದು ಪ್ರದೇಶದ ವಿಷಯದಲ್ಲಿ. ಬಳ್ಳಾರಿಯಿಂದ ಆಲೂರು, ಗುಂತಕಲ್ಲಿಗೆ ಹೋದರೆ ಆಂಧ್ರ. ರಾಯಚೂರಿನಿಂದ ಕೃಷ್ಣಾ ಸೇತುವೆ ದಾಟಿದರೆ ತೆಲಂಗಾಣ. ವ್ಯಾಪಾರದವರಿಗೆ ಇದು ಬೆಳಿಗ್ಗೆ ಹೋಗಿ ಸಂಜೆ ಬರುವ ದಾರಿ. ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಸೀಮಿತವಾಗಿದ್ದರೆ ಗಡಿ ದಾಟಿದ ಕ್ಷಣವೇ ಷರತ್ತಿನ ಉಲ್ಲಂಘನೆ. ವಾರಕ್ಕೊಮ್ಮೆ ಆಂಧ್ರದ ಆದೋನಿಗೆ ಹೋಗಬೇಕಾದವರು ಅರ್ಜಿಯಲ್ಲೇ ಕಾರಣ ಬರೆದು ಪ್ರದೇಶ ವಿಸ್ತರಣೆ ಕೇಳಬೇಕು.

ಮರೆಯಲ್ಲಿ ಒಯ್ಯುವುದು ಇಲ್ಲಿ ನಿಮ್ಮ ಇಷ್ಟದ ಮಾತಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮದ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಬೆನ್ನುಚೀಲದಂಥ ಹೊದಿಕೆಯಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಹಿಡಿತದಲ್ಲಿರಬೇಕು. ಸೊಂಟದಲ್ಲಿ ಕಾಣುವಂತೆ ಸಿಕ್ಕಿಸಿಕೊಂಡು ಮದುವೆ ಮನೆಯಲ್ಲಿ ಓಡಾಡುವುದು ಗತ್ತಲ್ಲ, ಲೈಸೆನ್ಸ್ ಕಳೆದುಕೊಳ್ಳುವ ದಾರಿ. ಮೆರವಣಿಗೆಯಲ್ಲೋ ಮದುವೆಯಲ್ಲೋ ಸಂಭ್ರಮಕ್ಕೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಒಂದೇ ಹೆಸರಿನ ಎರಡು ತೋಟಾ

ಬೋರ್ ಎಂದರೆ ನಳಿಕೆಯ ಒಳಗಿನ ಅಗಲ. 9 ಎಂಎಂ, .38, .455 ನಿಷೇಧಿತ ಬೋರ್‌ಗಳು. ಸಾಮಾನ್ಯ ಲೈಸೆನ್ಸ್‌ದಾರರಿಗೆ ಉಳಿಯುವುದು ಮುಖ್ಯವಾಗಿ .32 ಮತ್ತು .22. ಗೊಂದಲ ಇರುವುದು .32ರಲ್ಲಿ. ರಿವಾಲ್ವರಿನ .32 ತೋಟಾ 7.65×23 ಮಿ.ಮೀ. ಅಳತೆಯದು, ಹಿಂಬದಿಯಲ್ಲಿ ಅಗಲ ಅಂಚು ಇರುತ್ತದೆ. ಪಿಸ್ತೂಲಿನದು 7.65×17, ಗಿಡ್ಡ, ಅಂಚು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದು. ಅಂಗಡಿಯಲ್ಲಿ ಎರಡಕ್ಕೂ ‘ಪಾಯಿಂಟ್ ಮೂವತ್ತೆರಡು’ ಎಂದೇ ಹೆಸರು. ಪಿಸ್ತೂಲಿನ ತೋಟಾ ಕೆಲವು ರಿವಾಲ್ವರ್‌ಗಳ ಸಿಲಿಂಡರಿನಲ್ಲಿ (ತೋಟಾ ಕೂರುವ, ತಿರುಗುವ ಉರುಳೆ) ಕೂತೂ ಬಿಡುತ್ತದೆ. ಆ ಗಿಡ್ಡ ತೋಟಾದ ಒತ್ತಡಕ್ಕೆ ಆ ರಿವಾಲ್ವರ್ ಮಾಡಿದ್ದಲ್ಲ. ಪೆಟ್ಟಿಗೆಯ ಮೇಲಿನ ಅಳತೆ ಓದಿ, ಒಂದು ತೋಟಾ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಬಿಲ್ಲು ಮಾಡಿಸಿ.

.22 ಅಗ್ಗ, ಸದ್ದು ಕಡಿಮೆ, ಹಿಂದೊದೆತ ಇಲ್ಲವೆನ್ನಬಹುದು, ಅಭ್ಯಾಸಕ್ಕೆ ಚೆನ್ನ. ಆದರೆ ಅದರ ಮದ್ದು ಹೊತ್ತಿಸುವ ವಸ್ತು ಇರುವುದು ತೋಟಾದ ಅಂಚಿನೊಳಗೆ, ಸುತ್ತಲೂ. ಅದು ಸಮನಾಗಿ ಹರಡಿರದಿದ್ದರೆ ಗುಂಡು ಹಾರುವುದಿಲ್ಲ. ನಡುವೆ ಕ್ಯಾಪ್ ಇರುವ .32ರಲ್ಲಿ ಹೀಗೆ ಹುಸಿಹೋಗುವುದು ಕಡಿಮೆ. ಕೈ ನಡುಗುವ ವಯಸ್ಸಾದವರಿಗೆ, ಮಣಿಕಟ್ಟು ನೋವಿರುವವರಿಗೆ .22 ಒಪ್ಪೋಣ, ಉಳಿದವರಿಗೆ .32.

ರಿವಾಲ್ವರೋ ಪಿಸ್ತೂಲೋ

ಪಿಸ್ತೂಲು ಚಪ್ಪಟೆ. ಅಂಗಿಯೊಳಗೆ ಉಬ್ಬು ಕಾಣುವುದಿಲ್ಲ, ಹಿಡಿಯೊಳಗೆ ಸೇರುವ ಮ್ಯಾಗಜೀನಿನಲ್ಲಿ (ತೋಟಾ ಪೆಟ್ಟಿಗೆ) ಏಳೆಂಟು ತೋಟಾ ಹಿಡಿಯುತ್ತದೆ. ಇದು ಅದರ ಒಳ್ಳೆಯ ಗುಣ. ಇನ್ನೊಂದು ಮುಖ ಹೀಗಿದೆ: ಸಣ್ಣ .32 ಪಿಸ್ತೂಲುಗಳಲ್ಲಿ ಗುಂಡು ಹಾರುವಾಗ ಸ್ಲೈಡನ್ನು (ಹಿಂದೆಮುಂದೆ ಸರಿಯುವ ಮೇಲ್ಭಾಗ) ತಡೆದು ನಿಲ್ಲಿಸುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಹಾಗಾಗಿ ಸ್ಪ್ರಿಂಗ್ ಬಿಗಿ. ಸ್ಲೈಡ್ ಹಿಂದಕ್ಕೆಳೆಯಲು ಬೆರಳಿಗೆ ಶಕ್ತಿ ಬೇಕು, ಹಿಡಿಯಲು ಜಾಗವೂ ಕಡಿಮೆ. ಬೆವರಿದ ಕೈಯಲ್ಲಂತೂ ಜಾರುತ್ತದೆ. ಮಣಿಕಟ್ಟು ಸಡಿಲ ಬಿಟ್ಟು ಹೊಡೆದರೆ ಸ್ಲೈಡ್ ಪೂರ್ತಿ ಹಿಂದೆ ಬರದೆ ತೋಟಾದ ಖಾಲಿ ಕೇಸು (ಲೋಹದ ಕವಚ) ಹೊರಬೀಳುವ ಬಾಗಿಲಿಗೆ ಸಿಕ್ಕಿಕೊಂಡು ನೆಟ್ಟಗೆ ನಿಲ್ಲುತ್ತದೆ. ಬಿಡಿಸಲು ಎರಡೂ ಕೈ ಬೇಕು.

ರಿವಾಲ್ವರ್ ದಪ್ಪ. ಆರು ಗುಂಡಿನ ಸಿಲಿಂಡರ್ ಸೊಂಟದಲ್ಲಿ ಒತ್ತುತ್ತದೆ. ಆದರೆ ಒಂದು ತೋಟಾ ಹುಸಿಹೋದರೆ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನದು ಎದುರು ಬರುತ್ತದೆ. ಖಾಲಿ ಇದೆಯೋ ತುಂಬಿದೆಯೋ ಎಂದು ತೆರೆದ ಕೂಡಲೇ ಕಣ್ಣಿಗೆ ಕಾಣುತ್ತದೆ. ಇದು ಸಣ್ಣ ಲಾಭವಲ್ಲ. ಪಿಸ್ತೂಲಿನಿಂದ ಆಗುವ ಆಕಸ್ಮಿಕಗಳಿಗೆ ಹಳೆಯ ಕಾರಣವೇ ಇದು: ಮ್ಯಾಗಜೀನ್ ತೆಗೆದರೆ ಖಾಲಿಯಾಯಿತು ಎಂಬ ನಂಬಿಕೆ. ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂತುದಿಯ ಗೂಡಿನಲ್ಲಿ, ಒಂದು ಉಳಿದಿರುತ್ತದೆ. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ, ಕೊನೆಗೆ ಚೇಂಬರಿನೊಳಗೆ ಕಣ್ಣು ಮತ್ತು ಕಿರುಬೆರಳು. ಹಿಂದುಮುಂದಾಗಿ ಮಾಡಿದರೆ ಸ್ಲೈಡ್ ಮುಂದೆ ಬರುವಾಗ ಇನ್ನೊಂದು ತೋಟಾವನ್ನು ಚೇಂಬರಿಗೆ ತಾನೇ ತಳ್ಳಿಕೊಂಡು ಬರುತ್ತದೆ.

ರಿವಾಲ್ವರಿನ ಕಷ್ಟ ಟ್ರಿಗರಿನದು. ಸುತ್ತಿಗೆಯನ್ನು (ತೋಟಾಕ್ಕೆ ಬಡಿಯುವ ಹಿಂಬದಿಯ ತುಂಡು) ಹೆಬ್ಬೆರಳಿನಿಂದ ಎಳೆಯದೆ ನೇರ ಹೊಡೆಯಲು ಐದಾರು ಕಿಲೋ ಭಾರದ ಎಳೆತ ಬೇಕಾಗಬಹುದು. ತೋರುಬೆರಳಿನ ಮೊದಲ ಗೆಣ್ಣಿನಿಂದ ಎಳೆಯುವಾಗ ನಳಿಕೆಯ ತುದಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಇದನ್ನು ಅಭ್ಯಾಸದಿಂದಷ್ಟೇ ಸರಿಪಡಿಸಬಹುದು. ವಾರಕ್ಕೊಮ್ಮೆಯೂ ಅಭ್ಯಾಸ ಮಾಡಲಾರದ ಗೃಹಸ್ಥರಿಗೆ ನಾವು ರಿವಾಲ್ವರನ್ನೇ ಹೇಳುತ್ತೇವೆ; ಬಿಗಿ ಟ್ರಿಗರ್ ತಾನಾಗಿ ಹಾರದಂತೆ ತಡೆಯುವ ಕಾವಲೂ ಹೌದು.

ಮಾರುಕಟ್ಟೆಯಲ್ಲಿ ಏನಿದೆ

1980ರ ದಶಕದ ಮಧ್ಯದಿಂದ ಸಾಮಾನ್ಯ ಲೈಸೆನ್ಸ್‌ದಾರರಿಗೆ ವಿದೇಶಿ ಕೈಬಂದೂಕು ಆಮದಿನ ಬಾಗಿಲು ಮುಚ್ಚಿದೆ. ಹಳೆಯ ವಾಲ್ಥರ್, ವೆಬ್ಲಿಗಳು ಕೈಯಿಂದ ಕೈಗೆ ಲಕ್ಷಗಟ್ಟಲೆಗೆ ಮಾರಾಟವಾಗುವುದು ಅದಕ್ಕೇ. ಹೊಸದು ಬೇಕೆಂದರೆ ಹೆಚ್ಚಾಗಿ ಸರ್ಕಾರಿ ಕಾರ್ಖಾನೆಗಳ ಮಾಲು. 2021ರಲ್ಲಿ ಆರ್ಡ್‌ನೆನ್ಸ್ ಬೋರ್ಡ್ ಏಳು ಕಂಪನಿಗಳಾಗಿ ಒಡೆದ ಮೇಲೆ ಇವು ಕಾನ್ಪುರದ ಎಡಬ್ಲ್ಯುಇಐಎಲ್ ಹೆಸರಲ್ಲಿ ಬರುತ್ತವೆ.

ಕಾನ್ಪುರದ .32 ರಿವಾಲ್ವರ್ ಹಳೆಯ ವೆಬ್ಲಿ ಮಾದರಿಯದು. ಮೇಲಿನ ಚಿಲಕ ಒತ್ತಿದರೆ ನಡುವೆ ಮಡಿಚಿಕೊಳ್ಳುತ್ತದೆ, ಆರೂ ಕೇಸು ಒಟ್ಟಿಗೆ ಹೊರಬರುತ್ತವೆ. ನಿಧಾನ ತೆರೆದರೆ ಒಂದು ಕೇಸು ಕೇಸು ಹೊರದಬ್ಬುವ ನಕ್ಷತ್ರಾಕಾರದ ತುಂಡಿನ ಅಡಿಗೆ ಜಾರಿ ಸಿಕ್ಕಿಕೊಳ್ಳುವುದುಂಟು. ಒಂದೇ ಬೀಸಿಗೆ ತೆರೆಯಬೇಕು. ತೂಕ 700 ಗ್ರಾಂ ಆಸುಪಾಸು. 2014ರಲ್ಲಿ ಬಂದ ನಿರ್ಭೀಕ್ ಇದರ ಹಗುರ ರೂಪ, ಟೈಟಾನಿಯಂ ಮಿಶ್ರಲೋಹದ್ದು, 500 ಗ್ರಾಂ. 2023ರ ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ನಳಿಕೆ 76 ಮಿ.ಮೀ., ತೋಟಾ ಬಿಟ್ಟು ಸುಮಾರು 700 ಗ್ರಾಂ. ಇಶಾಪುರದ ನಿಡರ್ .22ರದು, ಬರೀ 250 ಗ್ರಾಂ, ಎಂಟು ಗುಂಡು. ಪಿಸ್ತೂಲು ಬೇಕೆನ್ನುವವರಿಗೆ ಇಶಾಪುರದ್ದೇ ಅಶನಿ ಇದೆ, .32. ರಿವಾಲ್ವರಿಗೆ ಆರು ತೋಟಾ ತುಂಬಿದರೆ ಮೇಲೆ 60 ಗ್ರಾಂ ಕೂಡಿಸಿಕೊಳ್ಳಿ.

ಹಗುರವಾದರೆ ಒಳ್ಳೆಯದಲ್ಲವೇ ಎಂದರೆ, ಹೊರುವಾಗ ಹೌದು, ಹೊಡೆಯುವಾಗ ಅಲ್ಲ. ಒಂದೇ ತೋಟಾ 700 ಗ್ರಾಂ ಉಕ್ಕಿನಲ್ಲಿ ಹಾರಿದಾಗಿನದಕ್ಕಿಂತ 500 ಗ್ರಾಂನದರಲ್ಲಿ ಹಾರಿದಾಗ ಕೈಗೆ ಹೊಡೆತ ಜಾಸ್ತಿ. ಗುರಿಯ ಲೆಕ್ಕ ಇನ್ನೂ ಕಠಿಣ. ಹಿಂದಿನ, ಮುಂದಿನ ಗುರಿಮುಳ್ಳುಗಳ ನಡುವೆ 10 ಸೆಂ.ಮೀ. ಅಂತರವಿದ್ದು ನೀವು ಒಂದೇ ಮಿಲಿಮೀಟರ್ ತಪ್ಪಿಸಿದರೆ 10 ಮೀಟರ್ ದೂರದಲ್ಲಿ ಗುಂಡು 10 ಸೆಂ.ಮೀ. ಆಚೆ ಬೀಳುತ್ತದೆ. ಅಂತರ 15 ಆಗಿದ್ದರೆ ತಪ್ಪು ಏಳಕ್ಕಿಂತ ಕಡಿಮೆ.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ

ಖಾಲಿ ಇದೆಯೆಂದು ಮಾರುವವರು ತೋರಿಸಲಿ, ನೀವೂ ನೋಡಿ. ಹಿಡಿದಾಗ ಕನಿಷ್ಠ ಎರಡು ಬೆರಳು ಪೂರ್ತಿ ಹಿಡಿಯ ಮೇಲೆ ಕೂರಬೇಕು. ಕಿರುಬೆರಳು ಕೆಳಗೆ ಜೋತುಬಿದ್ದರೆ ಸಹಿಸಬಹುದು, ಉಂಗುರಬೆರಳೂ ಜೋತರೆ ಅದು ನಿಮ್ಮ ಕೈಯದಲ್ಲ. ನೆಲಕ್ಕೆ ತೋರಿಸಿ ಹತ್ತು ಸಲ ಟ್ರಿಗರ್ ಎಳೆಯಿರಿ, ಅಂಗಡಿಯವರ ಒಪ್ಪಿಗೆ ಪಡೆದು, ಡಮ್ಮಿ ತೋಟಾ ಹಾಕಿ. .22ರಲ್ಲಂತೂ ಡಮ್ಮಿ ಇಲ್ಲದೆ ಖಾಲಿ ಎಳೆಯಲೇಬಾರದು; ಪಿನ್ನು ಚೇಂಬರಿನ ಅಂಚಿಗೇ ಬಡಿದು ಗುಳಿ ಬೀಳುತ್ತದೆ. ಹತ್ತನೇ ಸಲಕ್ಕೆ ಬೆರಳು ನಡುಗಿದರೆ ಬೇರೆಯದು ನೋಡಿ.

ಹಳೆಯ ರಿವಾಲ್ವರ್ ಕೊಳ್ಳುವುದಾದರೆ ಇನ್ನಷ್ಟು ತಾಳ್ಮೆ ಬೇಕು. ಸುತ್ತಿಗೆ ಹಿಂದಕ್ಕೆಳೆದು ನಿಲ್ಲಿಸಿ ಸಿಲಿಂಡರನ್ನು ಎಡಬಲ ಅಲ್ಲಾಡಿಸಿ: ತುಸು ಆಟ ಸರಿ, ಗಡಗಡ ಎಂದರೆ ಬೇಡ. ತೋಟಾ ಕೂರುವ ಆರೂ ಮನೆಗಳಿಗೆ ಇದೇ ಪರೀಕ್ಷೆ ಮಾಡಿ. ಐದು ಸರಿಯಿದ್ದು ಒಂದು ಕೆಟ್ಟಿರುವುದುಂಟು. ಸಿಲಿಂಡರ್ ಮುಖಕ್ಕೂ ನಳಿಕೆಗೂ ನಡುವಿನ ಸಂದನ್ನು ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ನೋಡುವ ಫೀಲರ್ ಗೇಜಿನಿಂದಲೇ ಅಳೆಯಬಹುದು. 0.1ರಿಂದ 0.25 ಮಿ.ಮೀ. ಸರಿ, ಅದಕ್ಕಿಂತ ಹೆಚ್ಚಾದರೆ ಬಿಸಿ ಅನಿಲ, ಸೀಸದ ಚೂರು ಪಕ್ಕಕ್ಕೆ ಚಿಮ್ಮುತ್ತವೆ. (ಸಂದು ಸರಿಯಿದ್ದರೂ ಚಿಮ್ಮುತ್ತವೆ, ಎಡಗೈ ಹೆಬ್ಬೆರಳು ಸಿಲಿಂಡರಿನ ಮುಂದೆ ಹೋಗಲೇಬಾರದು.) ನಳಿಕೆಯೊಳಗೆ ಬಿಳಿ ಕಾಗದ ಹಿಡಿದು ಬೆಳಕು ಬಿಟ್ಟು ನೋಡಿ, ಗುಳಿಬಿದ್ದ ತುಕ್ಕು ಇದ್ದರೆ ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ. ನಂಬರ್ ಲೈಸೆನ್ಸಿನಲ್ಲಿರುವುದಕ್ಕೆ ಅಕ್ಷರ ಅಕ್ಷರ ತಾಳೆಯಾಗಬೇಕು. ಜಿಲ್ಲಾಧಿಕಾರಿ ಕಚೇರಿಯ ದಾಖಲೆಗೆ ಬಾರದ ಕೈಬದಲು ವ್ಯವಹಾರವನ್ನು, ಕಡಿಮೆಗೆ ಸಿಗುತ್ತದೆಂಬ ನಾಡಪಿಸ್ತೂಲನ್ನು ಮುಟ್ಟಲೂಬೇಡಿ. ಲೈಸೆನ್ಸ್ ಇಲ್ಲದ ಆಯುಧಕ್ಕೆ ಈಗ ಕನಿಷ್ಠ ಎರಡು ವರ್ಷ ಜೈಲು.

ಎಲ್ಲಿ ಕಟ್ಟಿಕೊಳ್ಳುವುದು

ಏಪ್ರಿಲ್‌, ಮೇಯಲ್ಲಿ 40 ಡಿಗ್ರಿ ದಾಟುವ ಊರುಗಳಿವು. ಕೋಟು, ಜಾಕೆಟ್ಟಿನ ಮಾತು ಇಲ್ಲಿ ನಡೆಯದು. ಇನ್‌ಶರ್ಟ್ ಬಿಟ್ಟು ಅಂಗಿ ಹೊರಗೆ ಬಿಡಬೇಕು. ಒಂದು ಅಳತೆ ದೊಡ್ಡದು, ಗಾಢ ಬಣ್ಣ ಅಥವಾ ಚೌಕುಳಿ, ಸೊಂಟದಿಂದ ಒಂದು ಗೇಣು ಕೆಳಗೆ. ತೆಳು ಬಿಳಿ ಅಂಗಿ ಬೆವರಿಗೆ ಅಂಟಿ ಹಿಡಿಯ ಆಕಾರವನ್ನೇ ತೋರಿಸುತ್ತದೆ. ಬಿಳಿ ಅಂಗಿ–ಪಂಚೆಯವರಿಗೆ ಸೊಂಟದ ಹೋಲ್‌ಸ್ಟರ್ ಹೊಂದುವುದಿಲ್ಲ, ಪಂಚೆಯ ಗಂಟು ಭಾರ ತಡೆಯದು; ಒಳಗೆ ಬನಿಯನ್ ಮೇಲೆ ಕಟ್ಟುವ ಅಗಲ ಪಟ್ಟಿ ಬೇಕು.

ಪ್ಯಾಂಟಿನವರಿಗೆ ಬಲಸೊಂಟದ ಮೂಳೆಯ ತುಸು ಹಿಂದೆ, ಪ್ಯಾಂಟಿನ ಒಳಗೆ. ಬೆಲ್ಟು ಒಂದೂವರೆ ಇಂಚು ಅಗಲದ, ಎರಡು ಪದರ ಹೊಲಿದ ಚರ್ಮದ್ದಾಗಿರಲಿ; ತೆಳು ಬೆಲ್ಟಿನಲ್ಲಿ 760 ಗ್ರಾಂ ಜೋತುಬಿದ್ದು ಹಿಡಿ ಹೊರಕ್ಕೆ ವಾಲುತ್ತದೆ. ಸೊಂಟದ ಅಳತೆ ಒಂದು–ಎರಡು ಇಂಚು ಹೆಚ್ಚಿಟ್ಟು ಹೊಲಿಸಿ. ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಇದಕ್ಕೇನೂ ಕಷ್ಟವಿಲ್ಲ. ಹೋಲ್‌ಸ್ಟರ್ ಟ್ರಿಗರ್ ಗಾರ್ಡನ್ನು ಪೂರ್ತಿ ಮುಚ್ಚಬೇಕು, ತಲೆಕೆಳಗೆ ಮಾಡಿ ಅಲುಗಾಡಿಸಿದರೂ ಆಯುಧ ಬೀಳಬಾರದು. ಹೋಲ್‌ಸ್ಟರ್ ಇಲ್ಲದೆ ಪ್ಯಾಂಟಿನಲ್ಲಿ ಸಿಕ್ಕಿಸುವುದು, ಕೀಲಿ–ನಾಣ್ಯ ಇರುವ ಜೇಬಿಗೆ ಹಾಕುವುದು ತೊಡೆಗೆ ಗುಂಡು ಹೊಡೆದುಕೊಳ್ಳುವ ದಾರಿ.

ಸೀರೆ ಉಡುವವರಿಗೆ ಚೀಲವೇ ಗತಿ. ಆದರೆ ಆ ಅರೆಯಲ್ಲಿ ಬೇರೇನೂ ಇರಬಾರದು, ಒಳಗೂ ಹೋಲ್‌ಸ್ಟರ್ ಇರಬೇಕು, ಚೀಲ ಹೆಗಲಿನಿಂದ ಇಳಿಯಬಾರದು. ಕುರ್ಚಿಗೆ ನೇತುಹಾಕಿದ ಚೀಲ ಮಗುವಿನ ಕೈಗೂ ಎಟುಕುತ್ತದೆ.

ಹಳೆಯ ರಿವಾಲ್ವರಿನಲ್ಲಿ ಸುತ್ತಿಗೆಯನ್ನು ತಡೆಯುವ ಒಳತುಂಡು ಇದೆಯೋ ಇಲ್ಲವೋ ತಿಳಿಯದಿದ್ದರೆ ಐದೇ ತುಂಬಿ, ಸುತ್ತಿಗೆಯ ಎದುರಿನ ಮನೆ ಖಾಲಿ ಬಿಡಿ. ಕೆಳಗೆ ಬಿದ್ದರೂ ಹಾರುವುದಿಲ್ಲ. ಪಿಸ್ತೂಲಾದರೆ ಚೇಂಬರ್ ಖಾಲಿ. ಕೊಪ್ಪಳದ ಗವಿಮಠದ ಜಾತ್ರೆಯಂಥ ನೂಕುನುಗ್ಗಲಿಗೆ ಮನೆಯ ಕಪಾಟಿನಲ್ಲಿಟ್ಟು ಹೋಗುವುದೇ ಸರಿ.

ಬೆವರು, ಕೆಂಪು ದೂಳು

ಬೆವರಿನ ಉಪ್ಪು ಉಕ್ಕನ್ನು ಒಂದೇ ರಾತ್ರಿಯಲ್ಲಿ ತಿನ್ನಲು ಶುರುಮಾಡುತ್ತದೆ. ಮೈಗೆ ತಾಗುವ ಬದಿಯನ್ನು ದಿನವೂ ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿ. ಚರ್ಮದ ಹೋಲ್‌ಸ್ಟರಿನಲ್ಲೇ ಬಿಟ್ಟು ಮಲಗಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಸಂಡೂರು, ತೋರಣಗಲ್ಲು ಕಡೆಯವರಿಗೆ ಅದಿರಿನ ದೂಳಿನ ಕಾಟ: ಎಣ್ಣೆ ಹೆಚ್ಚಾದರೆ ದೂಳು ಕಲಸಿ ಉಜ್ಜುಗಾಗದದಂತೆ ಸವೆಸುತ್ತದೆ. ಎರಡೇ ಹನಿ ಸಾಕು, ಮಿಕ್ಕಿದ್ದು ಒರೆಸಬೇಕು. ರಿವಾಲ್ವರಿನ ನಕ್ಷತ್ರದ ಅಡಿಗೆ ನಾಲ್ಕು ಕಣ ಸೇರಿದರೂ ಅದು ಮೇಲೆದ್ದು ಸಿಲಿಂಡರ್ ತಿರುಗದೆ ನಿಲ್ಲುತ್ತದೆ. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಲ್ಲಿ ತಿಕ್ಕಿ. ಚೇಂಬರಿಗೆ ಎಣ್ಣೆ ಬಿಟ್ಟು ತೋಟಾ ತುಂಬಿದರೆ ಎಣ್ಣೆ ಕ್ಯಾಪಿನೊಳಗೆ ಇಳಿದು ಮದ್ದು ಸತ್ತುಹೋಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ತೋಟಾ ಇಡಬೇಡಿ. ದಿನವೂ ಮೈಮೇಲೆ ಹೊತ್ತ ತೋಟಾಗಳನ್ನು ವರ್ಷಕ್ಕೊಮ್ಮೆ ರೇಂಜಿನಲ್ಲಿ ಹೊಡೆದು ಮುಗಿಸಿ ಹೊಸದು ತುಂಬಿ. ಖಾಲಿ ಕೇಸುಗಳ ಲೆಕ್ಕ ಬರೆದಿಡಿ.

ಚುನಾವಣೆ ಬಂದಾಗ ಠಾಣೆಗೋ ಅಧಿಕೃತ ಅಂಗಡಿಗೋ ಜಮಾ ಮಾಡಲು ಸೂಚನೆ ಬರುತ್ತದೆ. ಕೊಡುವ ಮುನ್ನ ತೋಟಾ ಬೇರೆ ಮಾಡಿ, ನಳಿಕೆಗೂ ಹೊರಮೈಗೂ ಎಂದಿಗಿಂತ ದಪ್ಪ ಎಣ್ಣೆ ಸವರಿ, ಚರ್ಮದ ಚೀಲ ಬಿಟ್ಟು ಬಟ್ಟೆಯಲ್ಲಿ ಸುತ್ತಿ ಕೊಡಿ. ನಂಬರ್, ತೋಟಾ ಎಣಿಕೆ, ಮೊದಲೇ ಇದ್ದ ಗೀರುಗಳು ರಸೀದಿಯಲ್ಲಿ ಬರಲಿ. ವಾಪಸ್ ಪಡೆದಾಗ ಆ ಎಣ್ಣೆಯನ್ನೆಲ್ಲ ಒರೆಸಿ, ನಳಿಕೆಯಲ್ಲಿ ಒಣಬಟ್ಟೆ ಎಳೆದು ಆಚೆ ಬದಿ ಬೆಳಕು ಕಂಡ ಮೇಲೆಯೇ ತೋಟಾ ತುಂಬಿ.