ನಿಂಬೆಹಣ್ಣು ಇಡಲು ಬಗ್ಗಿದಾಗ ಟೈರನ್ನೂ ನೋಡಿ: ಜರ್ಮನಿಗೆ ಹೊಸದಾಗಿ ಬಂದವರಿಗೆ

ಸೆಪ್ಟೆಂಬರ್ ಮುಗಿಯುತ್ತಾ ಬಂದರೆ ಸಾಕು, ಬೆಂಗಳೂರಿನಿಂದ ಹೊಸದಾಗಿ ಬಂದ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅಣ್ಣಾ, ಆಯುಧಪೂಜೆಗೆ ಕಾರು ಎಲ್ಲಿ ತೊಳೆಯೋದು?" ಮನೆ ಮುಂದೆ ಬಕೆಟ್ ಇಟ್ಟುಕೊಂಡು ತೊಳೆಯಲು ಹೋಗಬೇಡಿ. ಜಿಡ್ಡಿನ ನೀರು ಮಣ್ಣಿಗೆ, ಚರಂಡಿಗೆ ಸೇರುತ್ತದೆ ಅಂತ ಇಲ್ಲಿಯ ಬಹಳಷ್ಟು ಊರುಗಳಲ್ಲಿ ಬೀದಿಯಲ್ಲಿ ಕಾರು ತೊಳೆಯುವ ಹಾಗಿಲ್ಲ. ನಾಣ್ಯ ಹಾಕಿ ನಾವೇ ತೊಳೆದುಕೊಳ್ಳುವ ಜಾಗಗಳಿವೆ, ಅಲ್ಲಿಗೆ ಹೋಗಿ. ಅರಿಶಿನ ಕುಂಕುಮ ಬಾನೆಟ್ಟಿಗೆ ಸಾಕು, ಗಾಜಿಗೆ ಬೇಡ. ಆಮೇಲೆ ನಿಂಬೆಹಣ್ಣು ಇಡಲು ಬಗ್ಗುತ್ತೀರಲ್ಲ, ಆಗ ಟೈರನ್ನೂ ಒಮ್ಮೆ ನೋಡಿ. ಇಲ್ಲಿ ಕಾರನ್ನು ಚಳಿಗೆ ತಯಾರು ಮಾಡುವ ಕಾಲವೂ ಸರಿಯಾಗಿ ಅದೇ.

ಇಲ್ಲಿಯವರ ಬಾಯಲ್ಲಿ "ಓ ಬಿಸ್ ಓ" ಅಂತ ಒಂದು ಮಾತಿದೆ. ಒಕ್ಟೋಬರ್‌ನಿಂದ ಓಸ್ಟರ್ನ್ ತನಕ, ಅಂದರೆ ಈಸ್ಟರ್ ತನಕ, ವಿಂಟರ್ ಟೈರು. ಕಾನೂನಿನಲ್ಲಿ ತಾರೀಖು ಇಲ್ಲ. ರಸ್ತೆ ಮೇಲೆ ಹಿಮವೋ ಮಂಜುಗಡ್ಡೆಯೋ ಇದ್ದರೆ ವಿಂಟರ್ ಟೈರು ಇರಲೇಬೇಕು, ಅಷ್ಟೇ. ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ, ಜೊತೆಗೆ ಚಾಲಕರ ದಾಖಲೆಯಲ್ಲಿ ನಿಮ್ಮ ಹೆಸರಿಗೆ ತಪ್ಪಿನ ಒಂದು ಪಾಯಿಂಟು. "ಹಿಮ ಬೀಳಲಿ, ಆಗ ನೋಡೋಣ" ಅಂತ ಮೊದಲ ವರ್ಷ ನಾನೂ ಕಾದೆ. ನವೆಂಬರ್‌ನಲ್ಲಿ ಗ್ಯಾರೇಜಿಗೆ ಫೋನ್ ಮಾಡಿದರೆ ಮೂರು ವಾರ ಬಿಟ್ಟು ಬನ್ನಿ ಅಂದರು. ಅದೇ ವಾರ ಹಿಮ ಬಿತ್ತು. ಕಾರು ಮನೆ ಮುಂದೆ ಬೆಳ್ಳಗೆ ಕೂತಿತ್ತು, ನಾನು ರೈಲಿನಲ್ಲಿ ಆಫೀಸಿಗೆ ಹೋದೆ. ನಮ್ಮೂರಿನ ಪಂಕ್ಚರ್ ಅಂಗಡಿ ಥರ ಗಾಡಿ ನಿಲ್ಲಿಸಿ "ಸ್ವಲ್ಪ ನೋಡಣ್ಣ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸೆಪ್ಟೆಂಬರ್‌ನಲ್ಲೇ ದಿನ ಗೊತ್ತು ಮಾಡಿಕೊಳ್ಳಿ.

ಫೋನಿನಲ್ಲಿ ಎರಡು ಪದಗಳ ನಡುವೆ ಗೊಂದಲವಾಗದಿರಲಿ. ರಿಮ್ಮಿನ ಸಮೇತ ಇಡೀ ಚಕ್ರ ಬದಲಿಸುವುದು "ರೇಡರ್‌ವೆಕ್ಸೆಲ್". ರಿಮ್ಮಿನಿಂದ ಟೈರು ಬಿಚ್ಚಿ ಬೇರೆ ಟೈರು ಕೂರಿಸುವುದು "ರೈಫನ್‌ವೆಕ್ಸೆಲ್". ಎರಡನೆಯದಕ್ಕೆ ಕೆಲಸವೂ ಜಾಸ್ತಿ, ದುಡ್ಡೂ ಜಾಸ್ತಿ. ಚಕ್ರ ಹಾಕಿಸಿಕೊಂಡು ಸುಮಾರು 50 ಕಿಲೋಮೀಟರ್ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸಬೇಕು. ಮರೆಯಬೇಡಿ.

ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ "ವಿಂಟರ್ ಟೈರು ಫ್ರೀ" ಅಂತ ಕೊಡುವವರಿದ್ದಾರೆ. ಕುಣಿದಾಡುವ ಮೊದಲು ಟೈರಿನ ಪಕ್ಕೆ ನೋಡಿ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು (ಸ್ನೋಫ್ಲೇಕ್), ಆ ಗುರುತು ಇರಬೇಕು. ಬರೀ "ಎಂ ಪ್ಲಸ್ ಎಸ್" (ಕೆಸರು ಮತ್ತು ಹಿಮ) ಅಂತ ಬರೆದ ಹಳೆಯ ಟೈರು 2024ರ ಅಕ್ಟೋಬರ್ 1ರಿಂದ ವಿಂಟರ್ ಟೈರಿನ ಲೆಕ್ಕಕ್ಕೆ ಬರುವುದಿಲ್ಲ. ಬೆಟ್ಟದ ಗುರುತಿದ್ದರೆ ಆಲ್ ಸೀಸನ್ ಟೈರೂ ನಡೆಯುತ್ತದೆ. ಟೈರಿನ ಕಚ್ಚು ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು ಅನ್ನುವುದು ಕಾನೂನು. ಚಳಿಗಾಲಕ್ಕೆ ಅದು ಸಾಲದು, 4 ಇರಲಿ. ಎರಡು ಯೂರೋ ನಾಣ್ಯವನ್ನು ಕಚ್ಚಿನೊಳಗೆ ನಿಲ್ಲಿಸಿ. ಅದರ ಬೆಳ್ಳಿ ಬಣ್ಣದ ಅಂಚು ಪೂರ್ತಿ ಮುಳುಗಿದರೆ ಸರಿ.

ಹಿಮಕ್ಕಿಂತ ಮೊದಲು ಬರುವುದು ಎಲೆ. ಹೊಸಬರು ಫೋಟೋ ತೆಗೆಯುವುದೇ ಇದನ್ನು, ಜಾರುವುದೂ ಇದರ ಮೇಲೇ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ನೆನಪಿಸಿಕೊಂಡರೆ ಸಾಕು. ನಮ್ಮ ಬೀದಿಯ ತುದಿಯಲ್ಲಿ ಒಂದು ಮೇಪಲ್ ಮರ ಇದೆ. ಒಂದು ಸಂಜೆ ಅದರ ಕೆಳಗೆ ಬ್ರೇಕ್ ಒತ್ತಿದೆ. ಕಾಲಡಿಯಲ್ಲಿ ಪೆಡಲ್ ಗಡಗಡ ಅಂತು, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿತ್ತು, ಕಾರು ಮಾತ್ರ ತನ್ನ ಪಾಡಿಗೆ ಅರ್ಧ ಕಾರಿನಷ್ಟು ಮುಂದೆ ಹೋಗಿ ನಿಂತಿತು. ವೇಗ ಮೂವತ್ತೂ ಇರಲಿಲ್ಲ.

ಹಳ್ಳಿ ಕಡೆ ಹೋದರೆ ಎಲೆಯ ಜೊತೆ ಮಣ್ಣೂ ಇರುತ್ತದೆ. ಮೆಕ್ಕೆಜೋಳ, ಸಕ್ಕರೆ ಬೀಟ್ ಗೆಡ್ಡೆಯ ಕೊಯ್ಲಿನ ಕಾಲ. ಟ್ರ್ಯಾಕ್ಟರ್ ಹೊಲದಿಂದ ಹೊತ್ತು ತಂದ ಕೆಸರು ಟಾರಿನ ಮೇಲೆ ಬಿದ್ದಿರುತ್ತದೆ. ನಮ್ಮ ಕಡೆ ರಸ್ತೆ ಮೇಲೆ ಹುರುಳಿ ಒಕ್ಕಣೆಗೆ ಹರಡಿದ್ದರೆ ನಿಧಾನ ಮಾಡುತ್ತೀರಲ್ವಾ, ಹಾಗೇ ಮಾಡಿ.

ಬಾನೆಟ್ ಎತ್ತಿ ಮುಂದಿನ ಗಾಜಿನ ಬುಡವನ್ನೂ ನೋಡಿ. ಅಲ್ಲಿ ಎಲೆ ಕೊಳೆತು ಕೂತರೆ ನೀರು ಇಳಿಯುವ ದಾರಿ ಕಟ್ಟಿಕೊಂಡು ತೇವ ಒಳಗೆ ಬರುತ್ತದೆ. ಬೆಳಿಗ್ಗೆ ಗಾಜು ಒಳಗಿನಿಂದ ಮಂಜು ಮಂಜು. ಚಳಿ ಅಂತ ಎಸಿ ಬಂದ್ ಮಾಡುವುದು ನಮ್ಮವರ ಅಭ್ಯಾಸ. ಹೀಟರ್ ಜೊತೆ ಎಸಿಯನ್ನೂ ಹಾಕಿ. ಎಸಿ ಗಾಳಿಯ ತೇವ ತೆಗೆಯುತ್ತದೆ, ಗಾಜು ಬೇಗ ತಿಳಿಯಾಗುತ್ತದೆ.

ದೀಪಗಳನ್ನು ಅಕ್ಟೋಬರ್‌ನಲ್ಲಿ ಎಷ್ಟೋ ಗ್ಯಾರೇಜುಗಳಲ್ಲಿ ಪುಕ್ಕಟೆ ಪರೀಕ್ಷೆ ಮಾಡಿ ಗಾಜಿಗೆ ಒಂದು ಸ್ಟಿಕ್ಕರ್ ಅಂಟಿಸುತ್ತಾರೆ. ಸುಮ್ನೆ ಹೋಗಿ ಮಾಡಿಸಿ. ಆದರೆ "ಆಟೋ" ದೀಪವನ್ನು ಪೂರ್ತಿ ನಂಬಬೇಡಿ. ಹಗಲಿನ ಮಂಜು ಅದಕ್ಕೆ ಬೆಳಕಾಗಿಯೇ ಕಾಣಬಹುದು. ಆಗ ಮುಂದಿನ ಸಣ್ಣ ದೀಪ ಮಾತ್ರ ಉರಿದು, ಎಷ್ಟೋ ಕಾರುಗಳಲ್ಲಿ ಹಿಂದೆ ಕತ್ತಲೆ. ಮಂಜಿದ್ದರೆ ಕೈಯಿಂದಲೇ ಹಾಕಿ. ಹಿಂದಿನ ಕೆಂಪು ಮಂಜುದೀಪಕ್ಕೆ ಬೇರೆ ನಿಯಮ. 50 ಮೀಟರ್ ಆಚೆ ಏನೂ ಕಾಣದಿದ್ದರೆ ಮಾತ್ರ ಅದು, ಆಗ ವೇಗವೂ 50 ದಾಟಬಾರದು. ಅಳತೆ ಹೇಗೆ ಅಂತೀರಾ? ರಸ್ತೆ ಬದಿಯ ಬಿಳಿ ಗೂಟಗಳು ಸಾಮಾನ್ಯವಾಗಿ 50 ಮೀಟರಿಗೆ ಒಂದು ಇರುತ್ತವೆ.

ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ನೀವು ಆಫೀಸ್ ಬಿಡುವ ಹೊತ್ತಿಗೆ ಮುಸ್ಸಂಜೆ. ಜಿಂಕೆಗಳು ರಸ್ತೆ ದಾಟುವುದೂ ಆಗಲೇ. ಹಾರುವ ಜಿಂಕೆಯ ಬೋರ್ಡ್ ಕಂಡರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಒಂದು ದಾಟಿದರೆ ಹಿಂದೆ ಇನ್ನೊಂದು ಇರಬಹುದು ಅಂತಲೇ ಇಟ್ಟುಕೊಳ್ಳಿ. ಎದುರಿಗೆ ನಿಂತರೆ ಹೈ ಬೀಮ್ ಇಳಿಸಿ, ಹಾರ್ನ್ ಮಾಡಿ, ಬ್ರೇಕ್ ಒತ್ತಿ. ಸ್ಟಿಯರಿಂಗ್ ಎಳೆದು ಮರಕ್ಕೆ ಗುದ್ದುವುದು ಇನ್ನೂ ಕೆಟ್ಟದ್ದು. ಬಡಿದೇಬಿಟ್ಟರೆ ವಾರ್ನಿಂಗ್ ಲೈಟು ಹಾಕಿ, ಹಳದಿ ಜಾಕೆಟ್ ತೊಟ್ಟು ಇಳಿಯಿರಿ, 110ಕ್ಕೆ ಫೋನ್ ಮಾಡಿ. ಪ್ರಾಣಿಯನ್ನು ಮುಟ್ಟಬೇಡಿ. ಪೊಲೀಸರು ಬರೆದುಕೊಡುವ ಚೀಟಿ ಇನ್ಶೂರೆನ್ಸಿಗೆ ಬೇಕು. ಆ ಜಾಕೆಟ್ ಡಿಕ್ಕಿಯ ತಳದಲ್ಲಿ ಅಕ್ಕಿ ಮೂಟೆಯ ಕೆಳಗಿದ್ದರೆ ಪ್ರಯೋಜನವಿಲ್ಲ, ಸೀಟಿನ ಪಕ್ಕ ಇರಲಿ.

ಉಳಿದದ್ದು ಚಿಕ್ಕ ಪುಟ್ಟದ್ದು. ವೈಪರ್ ನೀರಿನ ಡಬ್ಬಿಯಲ್ಲಿ ಬರೀ ನಲ್ಲಿ ನೀರು ಇದ್ದರೆ ಚಿಮ್ಮಿಸಿ ಖಾಲಿ ಮಾಡಿ, ಹೆಪ್ಪುಗಟ್ಟದ ದ್ರವ ತುಂಬಿಸಿ. ಬ್ಯಾಟರಿ ಹಳೆಯದಾಗಿದ್ದರೆ ಈಗಲೇ ತೋರಿಸಿ. ಬಾಗಿಲಿನ ರಬ್ಬರ್ ಚಳಿಗೆ ಅಂಟಿಕೊಳ್ಳದಿರಲಿ ಅಂತ ಹಚ್ಚಲು ಅಂಗಡಿಯಲ್ಲಿ "ಹಿರ್ಶ್‌ಟಾಲ್ಗ್" ಅನ್ನುವ ಕಡ್ಡಿ ಸಿಗುತ್ತದೆ. ಹೆಸರಿನ ಅರ್ಥ ಜಿಂಕೆಯ ಕೊಬ್ಬು. ಪೂಜೆ ಮಾಡಿದ ಕಾರಿಗೆ ಅದು ಬೇಡ ಅನ್ನಿಸಿದರೆ ಪಕ್ಕದಲ್ಲೇ ಸಿಲಿಕೋನ್ ಕಡ್ಡಿಯೂ ಇರುತ್ತದೆ. ನಮ್ಮ ಮನೆಯಲ್ಲಿ ಅದೇ.